ವಿಲ್ಲಾ ಪಾರ್ಕಿನಲ್ಲಿ ಬ್ಲ್ಯಾಕ್ ಸಬ್ಬತ್: ಬರ್ಮಿಂಗ್‌ಹ್ಯಾಮ್ ಪ್ರವಾಸದ ದಿನಚರಿ

ಜುಲೈ 3, ಗುರುವಾರ

ದುಬೈಯಿಂದ ಹೊರಟ ವಿಮಾನದಲ್ಲೇ ಕಪ್ಪು ಟೀ ಶರ್ಟಿನವರು ಬೇಕಾದಷ್ಟು ಜನ ಇದ್ದರು. ಎಲ್ಲಿಗೆ ಹೊರಟಿರಿ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಶನಿವಾರ, 2025ರ ಜುಲೈ 5ರಂದು, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ, ಹೆವಿ ಮೆಟಲ್ ಅನ್ನುವ ಭಾರಿ ಸದ್ದಿನ ರಾಕ್ ಸಂಗೀತ ಹುಟ್ಟುಹಾಕಿದ ಬ್ರಿಟಿಷ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಕೊನೆಯ ಶೋ. ಹಾಡುವ ಓಜಿ ಓಸ್ಬೋರ್ನ್, ಗಿಟಾರಿನ ಟೋನಿ ಅಯೋಮಿ, ಬೇಸ್ ಗಿಟಾರಿನ ಗೀಜರ್ ಬಟ್ಲರ್, ಡ್ರಮ್ಸ್ ಬಾರಿಸುವ ಬಿಲ್ ವಾರ್ಡ್. ಶುರುವಿನ ಈ ನಾಲ್ವರೂ ಒಟ್ಟಿಗೆ ವೇದಿಕೆ ಹತ್ತಿ 20 ವರ್ಷ ಆಗಿತ್ತು. 2017ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ವಿದಾಯದ ಶೋ ನಡೆದಿತ್ತು, ನಿಜ. ಆದರೆ ಅಂದು ಡ್ರಮ್ಸ್ ಹಿಂದೆ ಬಿಲ್ ವಾರ್ಡ್ ಇರಲಿಲ್ಲ. ವಾರ್ಡ್ ಇಲ್ಲದ್ದನ್ನು ಪೂರ್ತಿ ವಿದಾಯ ಅಂತ ನಾನು ಒಪ್ಪಿದವನಲ್ಲ.

ಟಿಕೆಟ್ ತೆಗೆದದ್ದು ನನ್ನ ಅಕ್ಕನ ಮಗಳು ಪುಟ್ಟಿ. ಇದೇ ಊರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ಟಿಕೆಟ್ ಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ಎಲ್ಲ ಖಾಲಿಯಾಗಿತ್ತು. ಅವಳು ಲ್ಯಾಪ್‌ಟಾಪು, ಮೊಬೈಲು ಎರಡನ್ನೂ ಎದುರಿಗಿಟ್ಟುಕೊಂಡು ಕೂತಿದ್ದಳಂತೆ. "ಮಾಮ, ಎರಡು ಸಿಕ್ತು, ಈಗಲೇ ರಜೆ ಹಾಕು" ಅಂತ ಫೋನಿನಲ್ಲಿ ಕೂಗಿದಳು. ಅವಳಿಗೆ ಹತ್ತು ವರ್ಷ ಇದ್ದಾಗ ನಾನೇ ಸಬ್ಬತ್ ಕೇಳಿಸಿದ್ದೆ. ಈಗ ಅವಳದ್ದೇ ಅಭಿಪ್ರಾಯಗಳಿವೆ, ಗಟ್ಟಿಯಾದವು. ಸಬ್ಬತ್‌ನ ಅತ್ಯುತ್ತಮ ಆಲ್ಬಮ್ 1980ರ 'ಹೆವನ್ ಆಂಡ್ ಹೆಲ್' ಅನ್ನುತ್ತಾಳೆ. ಅದರಲ್ಲಿ ಹಾಡಿದ್ದು ಓಜಿ ಅಲ್ಲ, ರಾನಿ ಜೇಮ್ಸ್ ಡಿಯೋ! ನನ್ನ ಪ್ರಕಾರ ಅತ್ಯುತ್ತಮವಾದದ್ದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'. ಈ ಜಗಳ ವಿಮಾನ ನಿಲ್ದಾಣದಲ್ಲಿ ಬ್ಯಾಗು ಬರುವ ಮೊದಲೇ ಶುರುವಾಯಿತು.

ನ್ಯೂ ಸ್ಟ್ರೀಟ್ ರೈಲು ನಿಲ್ದಾಣದ ಒಳಗೆ ಒಂದು ಭಾರಿ ಯಾಂತ್ರಿಕ ಗೂಳಿ ನಿಂತಿದೆ. ತಲೆ ಆಡಿಸುತ್ತದೆ, ಕಣ್ಣು ತಿರುಗಿಸುತ್ತದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಗೆ ಮಾಡಿದ್ದು. ಆಮೇಲೆ ಜನ ವೋಟು ಹಾಕಿ ಅದಕ್ಕೆ ಓಜಿ ಅಂತ ಹೆಸರಿಟ್ಟರು. ಎಲ್ಲರೂ ಅದರ ಮುಂದೆ ಕೈಯೆತ್ತಿ ಕೊಂಬು ತೋರಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಆ ಗೂಳಿಯ ಹಿಂದಿನ ಕಥೆ ಇಷ್ಟ. ಉದ್ಘಾಟನೆಯ ದಿನ ಅದನ್ನು ಸರಪಳಿ ಹಾಕಿ ಎಳೆದು ತಂದವರು ಸರಪಳಿ ತಯಾರಿಸುವ ಹೆಂಗಸರ ವೇಷದಲ್ಲಿದ್ದರು. ಹತ್ತಿರದ ಕ್ರೇಡ್ಲಿ ಹೀತ್‌ನಲ್ಲಿ ಮನೆಯ ಹಿತ್ತಲಿನ ಕುಲುಮೆಗಳಲ್ಲಿ ಹೆಂಗಸರು ಕಬ್ಬಿಣದ ಸರಪಳಿ ಬಡಿಯುತ್ತಿದ್ದರು. 1910ರಲ್ಲಿ ಅವರು ಮುಷ್ಕರ ಹೂಡಿ ಗೆದ್ದರು. ಇಡೀ ಸೀಮೆಯೇ ಹೀಗೆ, ಕಬ್ಬಿಣ ಬಡಿದು ಬದುಕಿದ್ದು. ಹೆವಿ ಮೆಟಲ್ ಇಲ್ಲಿ ಯಾಕೆ ಹುಟ್ಟಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಸಂಜೆ ಬ್ರಾಡ್ ಸ್ಟ್ರೀಟಿನ ಬ್ಲ್ಯಾಕ್ ಸಬ್ಬತ್ ಸೇತುವೆಗೆ ಹೋದೆವು. ಕಾಲುವೆಯ ಮೇಲಿನ ಸೇತುವೆ ಅದು. 2019ರಲ್ಲಿ ಅಲ್ಲಿ ಲೋಹದ ಬೆಂಚು ಹಾಕಿ, ಮೇಲೆ ನಾಲ್ವರ ಮುಖ ಕೂರಿಸಿದ್ದಾರೆ. ಕೂರಲು ದೊಡ್ಡ ಸಾಲು ಇತ್ತು. ಮೊನ್ನೆ ಜೂನ್ ಕೊನೆಯಲ್ಲಷ್ಟೇ ಊರು ಈ ನಾಲ್ವರಿಗೂ ಫ್ರೀಡಂ ಆಫ್ ದ ಸಿಟಿ ಗೌರವ ಕೊಟ್ಟಿತ್ತು. ಎಷ್ಟೋ ವರ್ಷ ಈ ಸಂಗೀತವನ್ನು ಗಲಾಟೆ ಅಂತ ದೂರ ಇಟ್ಟವರ ನಡುವೆ ಇದು ಆಗಿದ್ದು ನೋಡಿ ಮನಸ್ಸು ತುಂಬಿತು.

ಜುಲೈ 4, ಶುಕ್ರವಾರ

ಬೆಳಿಗ್ಗೆ ಆಸ್ಟನ್‌ಗೆ. ನಗರದ ಮಧ್ಯದಿಂದ ರೈಲಿನಲ್ಲಿ ಕೆಲವೇ ನಿಮಿಷ. ನಾಲ್ವರೂ ಬೆಳೆದದ್ದು ಈ ಆಸ್ಟನ್‌ನ ಬೀದಿಗಳಲ್ಲೇ. ನಡೆದು ಹೋಗಬಹುದಾದಷ್ಟು ಹತ್ತಿರದ ಮನೆಗಳು.

14, ಲಾಡ್ಜ್ ರೋಡ್. ಕೆಂಪು ಇಟ್ಟಿಗೆಯ ಸಾಲುಮನೆಗಳಲ್ಲಿ ಒಂದು. ಓಜಿ ಬೆಳೆದ ಮನೆ. ಅಪ್ಪ ಅಮ್ಮ, ಆರು ಮಕ್ಕಳು, ಎರಡು ಬೆಡ್‌ರೂಮು. ಅಪ್ಪ ರಾತ್ರಿ ಪಾಳಿ, ಅಮ್ಮ ಹಗಲು ಕಾರ್ಖಾನೆ. ಈಗ ಅಲ್ಲಿ ಬೇರೆ ಯಾರೋ ವಾಸ ಮಾಡುತ್ತಿದ್ದಾರೆ. ಹಾಗಾಗಿ ಎದುರಿನ ಫುಟ್‌ಪಾತಿನಲ್ಲೇ ನಿಂತೆವು. ಮ್ಯಾಚ್ ಇದ್ದ ದಿನ ವಿಲ್ಲಾ ಪಾರ್ಕಿಗೆ ಬಂದವರು ಈ ಬೀದಿಗಳಲ್ಲಿ ಕಾರು ನಿಲ್ಲಿಸುತ್ತಿದ್ದರು. ಹುಡುಗ ಓಜಿ ಕಾರು ಕಾಯುತ್ತೇನೆ ಅಂತ ಹೇಳಿ ಚಿಲ್ಲರೆ ಕಾಸು ಸಂಪಾದಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಲೂಕಾಸ್ ಕಾರ್ಖಾನೆಯಲ್ಲಿ ಕಾರಿನ ಹಾರ್ನುಗಳನ್ನು ಶ್ರುತಿ ಮಾಡುವ ಕೆಲಸ. ಆಮೇಲೆ ಕಸಾಯಿಖಾನೆ. ಅದರ ನಡುವೆ ಕಳ್ಳತನ ಮಾಡಿ, ದಂಡ ಕಟ್ಟಲಾಗದೆ ಕೆಲವು ವಾರ ವಿನ್ಸನ್ ಗ್ರೀನ್ ಜೈಲು. ನಾಳೆ ಆ ಕಾರು ಕಾಯುತ್ತಿದ್ದ ಮೈದಾನದಲ್ಲೇ 40 ಸಾವಿರಕ್ಕೂ ಹೆಚ್ಚು ಜನ ಅವನಿಗಾಗಿ ಸೇರುವವರಿದ್ದರು.

ನಮ್ಮಪ್ಪ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ದುಡಿದವರು. ಪಾಳಿ ಮುಗಿಸಿ ಬಂದರೂ ಮಗ್ಗದ ಸದ್ದು ಕಿವಿಯಲ್ಲೇ ಇರುತ್ತದೆ ಅನ್ನುತ್ತಿದ್ದರು. ಲಾಡ್ಜ್ ರೋಡಿನಲ್ಲಿ ನಿಂತಾಗ ಅದು ನೆನಪಾಯಿತು. ಬಿಲ್ ವಾರ್ಡ್ ಸಂದರ್ಶನಗಳಲ್ಲಿ ಇಂಥದ್ದೇ ಹೇಳಿದ್ದಾನೆ. ಚಿಕ್ಕವನಿದ್ದಾಗ ರಾತ್ರಿ ಮಲಗಿದರೆ ಫೋರ್ಜಿನ, ಅಂದರೆ ಕಬ್ಬಿಣ ಬಡಿಯುವ ಕಾರ್ಖಾನೆಯ, ಸುತ್ತಿಗೆಗಳು ಬಡಿಯುವುದು ಕೇಳುತ್ತಿತ್ತಂತೆ. ಆ ಲಯಕ್ಕೆ ಬೆರಳು ಬಡಿಯುತ್ತಿದ್ದನಂತೆ. ಪಕ್ಕದ ವಾಲ್ಸಾಲ್‌ನಲ್ಲಿ ಬೆಳೆದ, ಇನ್ನೊಂದು ಮೆಟಲ್ ಬ್ಯಾಂಡ್ ಜೂಡಸ್ ಪ್ರೀಸ್ಟ್‌ನ ರಾಬ್ ಹ್ಯಾಲ್‌ಫರ್ಡ್ ಕೂಡ ಕಾರ್ಖಾನೆಗಳ ಹೊಗೆ, ಸದ್ದು ಎರಡನ್ನೂ ಮೈಗೆ ಹತ್ತಿಸಿಕೊಂಡೇ ಶಾಲೆಗೆ ಹೋದವನು.

ಇನ್ನು ಟೋನಿ ಅಯೋಮಿ. ಮೆಟಲ್ ಕೇಳುವವರಿಗೆಲ್ಲ ಈ ಕಥೆ ಗೊತ್ತು, ಆದರೂ ಆಸ್ಟನ್‌ನಲ್ಲಿ ನಡೆಯುತ್ತಾ ಮತ್ತೊಮ್ಮೆ ಹೇಳಿಕೊಳ್ಳದಿರಲು ಆಗುವುದಿಲ್ಲ. ವಯಸ್ಸು 17. ತಗಡಿನ ಕಾರ್ಖಾನೆಯಲ್ಲಿ ಅವನ ಕೊನೆಯ ದಿನ. ಸಂಗೀತಕ್ಕಾಗಿ ಕೆಲಸ ಬಿಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಅಂದ. ಹಿಡಿದ ಕೆಲಸ ಮುಗಿಸಿ ಬಾ ಅಂತ ಅಮ್ಮ ಕಳಿಸಿದರು. ಅಂದು ಪ್ರೆಸ್ ಯಂತ್ರ ನಡೆಸುವವರು ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿತು. ಅಯೋಮಿ ಎಡಚ. ಅಂದರೆ ತಂತಿ ಒತ್ತುವ ಕೈಯೇ ಅದು.

ಕಾರ್ಖಾನೆಯ ಮೇಸ್ತ್ರಿ ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದ. ಸುಟ್ಟ ಕೈಯ ಎರಡೇ ಬೆರಳುಗಳಲ್ಲಿ ಗಿಟಾರ್ ನುಡಿಸಿದ ಮಹಾನುಭಾವ ಜ್ಯಾಂಗೊ. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಉಜ್ಜಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮೇಲೆ ಹಳೆ ಜಾಕೆಟ್ಟಿನ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಲು ಆಗುತ್ತಿರಲಿಲ್ಲ. ಬ್ಯಾಂಜೊದ ತೆಳು ತಂತಿ ಹಾಕಿದ. ಕೊನೆಗೆ ತಂತಿ ಇನ್ನಷ್ಟು ಸಡಿಲ ಆಗಲಿ ಅಂತ ಶ್ರುತಿಯನ್ನೇ ಇಳಿಸಿದ, ಮೂರು ಅರ್ಧಸ್ವರದಷ್ಟು. ಆ ಶ್ರುತಿಯಲ್ಲಿ ಬಂದ ಮೊದಲ ಆಲ್ಬಮ್ 'ಮಾಸ್ಟರ್ ಆಫ್ ರಿಯಾಲಿಟಿ'. ಗೀಜರ್‌ನ ಬೇಸ್ ಕೂಡ ಜೊತೆಗೆ ಇಳಿಯಿತು. 'ಇನ್‌ಟು ದ ವಾಯ್ಡ್' ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕೇಳಿ. ನೆಲದ ಕೆಳಗಿಂದ ಬರುತ್ತದೆ. ಡೂಮ್, ಸ್ಲಡ್ಜ್, ಸ್ಟೋನರ್ ಅಂತ ಆಮೇಲೆ ಏನೆಲ್ಲ ಮೆಟಲ್ ಬಗೆಗಳು ಬಂದವೋ ಅದರ ಬೇರು ಅಲ್ಲಿದೆ.

ನಾನು ಇಷ್ಟು ಹೇಳಿ ಮುಗಿಸುವವರೆಗೂ ಪುಟ್ಟಿ ಸುಮ್ಮನಿದ್ದಳು. "ಮಾಮ, ಅದು ಶಬ್ದದ ಕಥೆ. ಆಲ್ಬಮ್ ಅಂದರೆ ಹಾಡುಗಳು ಅಲ್ವಾ? ಅದರಲ್ಲಿ ಚಿಕ್ಕ ಗಿಟಾರ್ ತುಣುಕುಗಳು ಬಿಟ್ಟರೆ ಹಾಡು ಇರೋದೇ ಆರು" ಅಂದಳು. ಹಾಡು ಆರಾದರೆ ಏನು, ಒಂದನ್ನಾದರೂ ತೆಗೆದು ಹಾಕು ನೋಡೋಣ ಅಂದೆ. 'ಸಾಲಿಟ್ಯೂಡ್' ತೆಗೀತೀನಿ ಅಂದಳು. ಅದನ್ನು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಆ ಹಾಡಿನಲ್ಲಿ ಅಯೋಮಿ ಕೊಳಲು ನುಡಿಸಿದ್ದಾನೆ. ಓಜಿ ಅಷ್ಟು ಮೆತ್ತಗೆ ಹಾಡಿದ್ದು ಕಡಿಮೆ.

ಮಧ್ಯಾಹ್ನ ವಾಪಸು ಬಂದು ಸ್ಟೇಷನ್ ಸ್ಟ್ರೀಟಿನ ದ ಕ್ರೌನ್ ಪಬ್ಬಿನ ಮುಂದೆ ನಿಂತೆವು. 2014ರಿಂದ ಬಾಗಿಲು ಹಾಕಿದೆ. ಇದರ ಮೇಲಿನ ಮಹಡಿಯಲ್ಲಿ ಹೆನ್ರೀಸ್ ಬ್ಲೂಸ್‌ಹೌಸ್ ಅಂತ ಕ್ಲಬ್ ನಡೆಯುತ್ತಿತ್ತು. ಸಬ್ಬತ್ ಇನ್ನೂ 'ಅರ್ತ್' ಅನ್ನುವ ಹೆಸರಿನಲ್ಲಿದ್ದಾಗ ಇಲ್ಲಿ ನುಡಿಸುತ್ತಿದ್ದರು. ಕ್ಲಬ್ ನಡೆಸುತ್ತಿದ್ದ ಜಿಮ್ ಸಿಂಪ್ಸನ್ ಅವರ ಮೊದಲ ಮ್ಯಾನೇಜರ್ ಆದರು.

ಅಲ್ಲೇ ಒಬ್ಬ ಹಿರಿಯರು ಸಿಕ್ಕಿದರು. 70 ದಾಟಿದವರು. ಡೆನಿಮ್ ಜಾಕೆಟ್ಟಿನ ಮೇಲೆ ಹಳೇ ಪ್ಯಾಚುಗಳು. ಫೋರ್ಜಿನಲ್ಲಿ ಕೆಲಸ ಮಾಡಿ ರಿಟೈರ್ ಆದವರಂತೆ. ಕಿವಿ ಸ್ವಲ್ಪ ಮಂದ. "ಫೋರ್ಜು ಒಂದು ಕಿವಿ ತಿಂತು, ಇವರು ಇನ್ನೊಂದು ತಿಂದರು" ಅಂತ ಮೇಲಿನ ಕಿಟಕಿ ತೋರಿಸಿದರು. ಹದಿನೇಳು ವಯಸ್ಸಿನಲ್ಲಿ ಆ ಮಹಡಿಯಲ್ಲಿ ನಿಂತು ಕೇಳಿದ್ದರಂತೆ. ಎಲ್ಲರೂ ಬ್ಲೂಸ್ ಬರುತ್ತದೆ ಅಂತ ಕಾಯುತ್ತಿದ್ದಾಗ 'ಬ್ಲ್ಯಾಕ್ ಸಬ್ಬತ್' ಹಾಡಿನ ಆ ನಿಧಾನದ, ಹೆದರಿಸುವ ಮೂರು ಸ್ವರ ಬಂತು. ಕೋಣೆಯಲ್ಲಿ ಮಾತು ನಿಂತುಹೋಯಿತು ಅಂದರು. ಅವರ ಆಯ್ಕೆ 1970ರ ಮೊದಲ ಆಲ್ಬಮ್, ಬೇರೆ ಯಾವುದೂ ಅಲ್ಲ. ಕಾರಣವೂ ಸ್ಪಷ್ಟ. ಲಂಡನ್‌ಗೆ ಹೋಗಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದು ಅದು. ಪಬ್ಬಿನಲ್ಲಿ ಹೇಗೆ ನುಡಿಸುತ್ತಿದ್ದರೋ ಹಾಗೇ ಟೇಪಿನ ಮೇಲೆ ಇಳಿದಿದೆ. "ಮಿಕ್ಕ ಆಲ್ಬಮ್‌ಗಳಲ್ಲಿ ಬ್ಯಾಂಡ್ ಕೇಳುತ್ತದೆ. ಇದರಲ್ಲಿ ಈ ಕೋಣೆ ಕೇಳುತ್ತದೆ" ಅಂದರು. ನನ್ನ ಹತ್ತಿರ ಇದಕ್ಕೆ ಎದುರು ಮಾತು ಇರಲಿಲ್ಲ. ಅವರಿಗೆ ನಾಳಿನ ಟಿಕೆಟ್ ಸಿಕ್ಕಿರಲಿಲ್ಲ. ಮನೆಯಲ್ಲಿ ಮಗನ ಜೊತೆ ಲೈವ್ ನೋಡುತ್ತೇನೆ ಅಂದರು.

ರಾತ್ರಿ ಸ್ಪಾರ್ಕ್‌ಬ್ರೂಕ್ ಕಡೆ ಹೋಗಿ ಬಾಲ್ಟಿ ತಿಂದೆವು. ಕಬ್ಬಿಣದ ಸಣ್ಣ ಬಾಣಲಿಯಲ್ಲೇ ಮಾಡಿ ಅದರಲ್ಲೇ ತಂದಿಡುತ್ತಾರೆ, ಜೊತೆಗೆ ಟೇಬಲ್ಲಿನಷ್ಟು ದೊಡ್ಡ ನಾನ್. ಈ ಊರಿನಲ್ಲಿ ನೆಲೆಸಿದ ಪಾಕಿಸ್ತಾನಿಗಳು ಹುಟ್ಟುಹಾಕಿದ ಅಡುಗೆ. ಚೆನ್ನಾಗಿತ್ತು.

ಜುಲೈ 5, ಶನಿವಾರ

ಶೋ ಮಧ್ಯಾಹ್ನವೇ ಶುರು. ನಾವು ಬೆಳಿಗ್ಗೆಯೇ ಆಸ್ಟನ್‌ನಲ್ಲಿ ಇಳಿದೆವು. ರೈಲಿನಿಂದ ಮೈದಾನದವರೆಗೂ ಕಪ್ಪು ಬಟ್ಟೆಯವರ ಮೆರವಣಿಗೆ. ಸಾಲುಮನೆಗಳ ಮುಂದೆ ಅಜ್ಜಿಯರು ಕುರ್ಚಿ ಹಾಕಿಕೊಂಡು ಕೂತು ಕೈ ಬೀಸುತ್ತಿದ್ದರು. ಹುಡುಗರು ನೀರಿನ ಬಾಟಲಿ ಮಾರುತ್ತಿದ್ದರು.

ಕ್ಯೂನಲ್ಲಿ ಕಳೆದ ಹೊತ್ತು ಈ ಪ್ರವಾಸದ ಅತಿ ಒಳ್ಳೆಯ ಹೊತ್ತುಗಳಲ್ಲಿ ಒಂದು. ಮುಂದೆ ಸಾವೊ ಪಾವ್ಲೊದಿಂದ ಬಂದ ಗಂಡ ಹೆಂಡತಿ. 2013ರಲ್ಲಿ ತಮ್ಮ ಊರಿನಲ್ಲಿ ಸಬ್ಬತ್ ನೋಡಿದ್ದರು. ಅದೇ ವರ್ಷ ಬಂದ '13' ಆಲ್ಬಮ್ ಬಗ್ಗೆ ಅವರಿಗೆ ತುಂಬಾ ಪ್ರೀತಿ. 1970ರ 'ಪ್ಯಾರನಾಯ್ಡ್' ಆದ ಮೇಲೆ ಬ್ರಿಟನ್ನಿನಲ್ಲಿ ನಂಬರ್ ಒನ್ ಆದ ಸಬ್ಬತ್ ಆಲ್ಬಮ್ ಅದೊಂದೇ. ನಡುವೆ 40 ವರ್ಷಕ್ಕೂ ಜಾಸ್ತಿ ಅಂತರ. ಹಾಡುಗಳು ಚೆನ್ನಾಗಿವೆ, ನಾನೂ ಒಪ್ಪುತ್ತೇನೆ. ಆದರೆ ಧ್ವನಿಯನ್ನು ಅಷ್ಟು ಜೋರು ಮಾಡಿ ಮಟ್ಟಸ ಮಾಡಿಬಿಟ್ಟಿದ್ದಾರೆ, ಉಸಿರಾಡಲು ಜಾಗ ಇಲ್ಲ. ಜೊತೆಗೆ ಡ್ರಮ್ಸ್ ವಾರ್ಡ್‌ದಲ್ಲ. ವಾರ್ಡ್ ಮೂಲತಃ ಜ್ಯಾಜ್ ಕಿವಿಯವನು. ರಿಫ್ಫಿನ ಹಿಂದೆ ಸ್ವಲ್ಪ ತೂಗಾಡುತ್ತಾ ಬಾರಿಸುತ್ತಾನೆ. ಅದು ಇಲ್ಲದ ಸಬ್ಬತ್ ನೇರ ನಡೆಯುತ್ತದೆ, ತೂಗುವುದಿಲ್ಲ.

ಪುಟ್ಟಿ ಹಾಕಿದ್ದು ನಮ್ಮ ಬೆಂಗಳೂರಿನ ಕ್ರಿಪ್ಟಾಸ್ ಬ್ಯಾಂಡಿನ ಟೀ ಶರ್ಟ್. ಹಿಂದಿದ್ದ ಜರ್ಮನ್ ಒಬ್ಬರು ಅದನ್ನು ನೋಡಿದ್ದೇ "ವಾಕನ್!" ಅಂತ ಕೂಗಿದರು. 2013ರಲ್ಲಿ ಕ್ರಿಪ್ಟಾಸ್ ಜರ್ಮನಿಯ ವಾಕನ್ ಓಪನ್ ಏರ್ ಮೆಟಲ್ ಉತ್ಸವದಲ್ಲಿ ನುಡಿಸಿದ್ದನ್ನು ನೋಡಿದ್ದರಂತೆ. ವಾಕನ್‌ನಲ್ಲಿ ನುಡಿಸಿದ ಮೊದಲ ಭಾರತೀಯ ಬ್ಯಾಂಡ್ ಅದು. 'ದ ಕಾಯಿಲ್ಸ್ ಆಫ್ ಅಪಾಲಿಯನ್' ಆಲ್ಬಮ್ ತಮ್ಮ ಹತ್ತಿರ ಇದೆ ಅಂದರು. 1998ರಿಂದ ಬೆಂಗಳೂರಿನಲ್ಲಿ ಬಿಡದೆ ಹಳೇ ಮಾದರಿಯ ಹೆವಿ ಮೆಟಲ್ ಮಾಡುತ್ತಾ ಬಂದ ಹುಡುಗರು. ಅವರ ಹೆಸರು ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಜರ್ಮನ್ ಬಾಯಲ್ಲಿ ಕೇಳಿ ನನಗೆ ಎಷ್ಟು ಹೆಮ್ಮೆ ಆಯಿತು!

ಬೆಂಗಳೂರಿನ ಶೋಗಳ ಬಗ್ಗೆ ಹೇಳಿ ಅಂದರು. ಹೇಳಿದೆ. 2007ರ ಮಾರ್ಚ್ 17. ಅರಮನೆ ಮೈದಾನ, ಐರನ್ ಮೇಡನ್. ಅಷ್ಟು ದೊಡ್ಡ ಮೆಟಲ್ ಬ್ಯಾಂಡೊಂದು ನಮ್ಮ ಊರಿಗೆ ಬಂದೀತು ಅಂತ ನಾವು ಯಾರೂ ನಂಬಿರಲಿಲ್ಲ. ದಾವಣಗೆರೆ, ಹುಬ್ಬಳ್ಳಿ, ಮಂಗಳೂರಿನಿಂದ ರಾತ್ರಿ ಬಸ್ಸುಗಳಲ್ಲಿ ಹುಡುಗರು ಬಂದಿದ್ದರು. ಶಿಲ್ಲಾಂಗ್, ಕೊಹಿಮಾದಿಂದ ದಿನಗಟ್ಟಲೆ ರೈಲಿನಲ್ಲಿ ಬಂದವರೂ ಇದ್ದರು. 'ಫಿಯರ್ ಆಫ್ ದ ಡಾರ್ಕ್' ಶುರುವಾದಾಗ ಗಿಟಾರಿನ ರಾಗವನ್ನೇ ಮೈದಾನ ಪೂರ್ತಿ ಹಾಡಿತು. ಪಕ್ಕದಲ್ಲಿದ್ದ ಅಪರಿಚಿತನೊಬ್ಬ ನನ್ನ ಹೆಗಲ ಮೇಲೆ ಕೈ ಹಾಕಿ ಅಳುತ್ತಿದ್ದ. ನಾನೂ ಅತ್ತೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೇಳಿದ ಹಾಡು, ಹಾಡಿದವರೇ ಕಣ್ಣೆದುರು ನಿಂತಿದ್ದರು.

ಆಮೇಲೆ 2010ರಲ್ಲಿ ಲ್ಯಾಂಬ್ ಆಫ್ ಗಾಡ್ ಬಂತು. 2012ರಲ್ಲಿ ಸ್ಲೇಯರ್. 2011ರ ಅಕ್ಟೋಬರ್ 30ರ ಮೆಟಾಲಿಕಾ ಮಾತ್ರ ಬೇರೆಯೇ. ಎರಡು ದಿನ ಮೊದಲು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಅವರ ಶೋ ರದ್ದಾಗಿ ದಾಂಧಲೆ ಆಗಿತ್ತು. ಬೆಂಗಳೂರಿನದ್ದೂ ನಡೆಯುತ್ತೋ ಇಲ್ಲವೋ ಅಂತ ಜೀವ ಕೈಯಲ್ಲಿ ಹಿಡಿದು ಕಾದೆವು. ಅಲ್ಲಿ ನೋಡಲಾಗದ ಹುಡುಗರು ಇಲ್ಲಿಗೆ ಓಡಿ ಬಂದಿದ್ದರು. ಅರಮನೆ ಮೈದಾನದ ಕೆಸರಿನಲ್ಲಿ ಕಾಲು ಹೂತು ನಿಂತು 'ಮಾಸ್ಟರ್ ಆಫ್ ಪಪೆಟ್ಸ್' ಕೇಳಿದೆವು. ಭಾರತದಲ್ಲಿ ಮೆಟಾಲಿಕಾದ ಮೊದಲ ಶೋ ನಮ್ಮ ಬೆಂಗಳೂರಿನದ್ದೇ ಆಯಿತು. ಬ್ರೆಜಿಲ್ ದಂಪತಿ ಇದನ್ನೆಲ್ಲ ಕೇಳಿ, ನಮ್ಮಲ್ಲೂ ಹೀಗೇ ಅಂದರು. ದೊಡ್ಡ ಬ್ಯಾಂಡುಗಳ ದಾರಿಯಿಂದ ದೂರ ಇರುವ ಊರುಗಳ ಜನ ಒಂದು ಶೋ ನೋಡುವುದು ಹೇಗೆ ಅಂತ ಅವರಿಗೆ ವಿವರಿಸಬೇಕಾಗಿರಲಿಲ್ಲ.

ಒಳಗೆ ತಿರುಗುವ ವೇದಿಕೆ ಇತ್ತು. ಒಂದು ಬ್ಯಾಂಡ್ ನುಡಿಸುತ್ತಿದ್ದಂತೆ ಹಿಂದೆ ಇನ್ನೊಂದರ ಸಾಮಾನು ಜೋಡಣೆ. ಹಾಗಾಗಿ ನಡುವೆ ಕಾಯುವುದು ಕಡಿಮೆ. ಪ್ರತಿ ಬ್ಯಾಂಡೂ ತಮ್ಮ ಹಾಡುಗಳ ಜೊತೆ ಸಬ್ಬತ್‌ನ ಹಾಡನ್ನೋ ಓಜಿ ಸಬ್ಬತ್‌ನಿಂದ ಬೇರೆಯಾಗಿ ಮಾಡಿದ ಹಾಡನ್ನೋ ನುಡಿಸಿತು. ಮ್ಯಾಸ್ಟಡಾನ್ ಮೊದಲು ಬಂದು 'ಸೂಪರ್‌ನಾಟ್' ನುಡಿಸಿತು. ಆಂಥ್ರಾಕ್ಸ್ 'ಇನ್‌ಟು ದ ವಾಯ್ಡ್'. ನಾನು ಪುಟ್ಟಿಯ ಕಡೆ ನೋಡಿದೆ, ಅವಳು ಬೇಕಂತಲೇ ಬೇರೆ ಕಡೆ ನೋಡಿದಳು. ಲ್ಯಾಂಬ್ ಆಫ್ ಗಾಡ್ 'ಚಿಲ್ಡ್ರನ್ ಆಫ್ ದ ಗ್ರೇವ್' ಶುರು ಮಾಡಿದಾಗ ನೆಲ ನಡುಗಿತು. ಬೆಂಗಳೂರಿನಲ್ಲಿ ಅವರನ್ನು ನೋಡಿದಾಗ ಅವರದ್ದೇ ಹಾಡುಗಳ ಬಲ ನೋಡಿದ್ದೆ. ಇಂದು ಆ ಬಲ ಎಲ್ಲಿಂದ ಬಂತು ಅಂತ ಕಿವಿಯಾರೆ ಕೇಳಿದೆ. ಆಂಥ್ರಾಕ್ಸ್ ನುಡಿಸಿದ್ದು, ಇವರು ನುಡಿಸಿದ್ದು ಎರಡೂ 'ಮಾಸ್ಟರ್ ಆಫ್ ರಿಯಾಲಿಟಿ'ಯ ಹಾಡುಗಳು!

ಗೊಜಿರಾ 'ಅಂಡರ್ ದ ಸನ್' ನುಡಿಸಿದ್ದು ಅದ್ಭುತ. ಅಂದು ಅತಿ ಬಿಗಿಯಾಗಿ ನುಡಿಸಿದ ಬ್ಯಾಂಡ್ ನನ್ನ ಲೆಕ್ಕದಲ್ಲಿ ಅದೇ. ಟೂಲ್ 'ಹ್ಯಾಂಡ್ ಆಫ್ ಡೂಮ್' ನುಡಿಸಿತು. ಸ್ಲೇಯರ್ ತಮ್ಮ ಹಾಡುಗಳ ನಡುವೆ 'ವಿಕೆಡ್ ವರ್ಲ್ಡ್' ತುರುಕಿತು. ಗನ್ಸ್ ಎನ್ ರೋಸಸ್ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಜೂಡಸ್ ಪ್ರೀಸ್ಟ್ ಇದೇ ಸೀಮೆಯ ಬ್ಯಾಂಡ್. ಆದರೆ ಅಂದೇ ಜರ್ಮನಿಯ ಹ್ಯಾನೋವರ್‌ನಲ್ಲಿ ಸ್ಕಾರ್ಪಿಯನ್ಸ್‌ನ 60ನೇ ವರ್ಷದ ಶೋಗೆ ಹೋಗಿತ್ತು. ಆ ಕೊರತೆಯನ್ನು ಸ್ವಲ್ಪ ತುಂಬಿದ್ದು ಅವರ ಹಳೇ ಗಿಟಾರಿಸ್ಟ್ ಕೆ.ಕೆ. ಡೌನಿಂಗ್, 'ಬ್ರೇಕಿಂಗ್ ದ ಲಾ' ನುಡಿಸಿ.

ಯಂಗ್‌ಬ್ಲಡ್ ಅನ್ನುವ ಯುವ ಗಾಯಕ 'ಚೇಂಜಸ್' ಹಾಡಲು ಬಂದ. ನನ್ನ ಸುತ್ತ ಇದ್ದ ವಯಸ್ಸಾದವರ ಮುಖದಲ್ಲಿ ಇವನ್ಯಾರು ಅನ್ನುವ ಪ್ರಶ್ನೆ. ಎರಡು ದಿನದ ಹಿಂದೆ ಅಪಘಾತದಲ್ಲಿ ತೀರಿಕೊಂಡ ಫುಟ್‌ಬಾಲ್ ಆಟಗಾರ ಡಿಯೋಗೊ ಜೋಟಾಗೆ ಹಾಡನ್ನು ಅರ್ಪಿಸಿದ. ಮೈದಾನ ತಟ್ಟನೆ ಅವನ ಕಡೆ ತಿರುಗಿತು. ಎರಡನೇ ಸಾಲಿಗೆ ಎಲ್ಲರೂ ಹಾಡುತ್ತಿದ್ದರು. ಪುಟ್ಟಿ ಕಣ್ಣೊರೆಸಿಕೊಂಡಳು. 'ವಾಲ್ಯೂಮ್ ಫೋರ್' ಆಲ್ಬಮ್ಮಿನಲ್ಲಿ ನಾನು ಯಾವಾಗಲೂ ದಾಟಿ ಮುಂದೆ ಹೋಗುತ್ತಿದ್ದ ಹಾಡು ಅದು. ಇನ್ನು ದಾಟುವುದಿಲ್ಲ.

ಮೆಟಾಲಿಕಾ ಬಂದಾಗ ಸಂಜೆ ಇಳಿಯುತ್ತಿತ್ತು. ಅವರು ಆರಿಸಿಕೊಂಡ ಸಬ್ಬತ್ ಹಾಡುಗಳು 'ಹೋಲ್ ಇನ್ ದ ಸ್ಕೈ' ಮತ್ತು 'ಜಾನಿ ಬ್ಲೇಡ್'. ಸುಲಭದ ಹಿಟ್ ಬಿಟ್ಟು ಆಳದ ಹಾಡು ಹುಡುಕಿದರು. ಅಭಿಮಾನಿಗಳು ಮಾಡುವ ಕೆಲಸ ಅದು. ಅಂದು ಅವರೂ ಅಭಿಮಾನಿಗಳೇ ತಾನೆ.

ಆಮೇಲೆ ವೇದಿಕೆಯ ಕೆಳಗಿನಿಂದ ಕಪ್ಪು ಸಿಂಹಾಸನ ಮೇಲೆ ಬಂತು. ಅದರಲ್ಲಿ ಓಜಿ.

ಪಾರ್ಕಿನ್ಸನ್ಸ್ ಕಾಯಿಲೆ ಇದೆ ಅಂತ 2020ರಲ್ಲೇ ಹೇಳಿದ್ದ. ಬೆನ್ನಿಗೆ ಎಷ್ಟೋ ಆಪರೇಷನ್ನು. ನಿಲ್ಲಲು ಆಗುತ್ತಿರಲಿಲ್ಲ. ಆದರೂ ಕೂತಲ್ಲೇ ಏಳಲು ನೋಡುತ್ತಿದ್ದ, ಕೈ ಎತ್ತುತ್ತಿದ್ದ, ಕಣ್ಣು ಅರಳಿಸುತ್ತಿದ್ದ. ಆರು ವರ್ಷ ಹಾಸಿಗೆ ಹಿಡಿದಿದ್ದೆ, ಈಗ ನನಗೆ ಹೇಗನ್ನಿಸುತ್ತಿದೆ ಅಂತ ನಿಮಗೆ ಗೊತ್ತಿಲ್ಲ ಅನ್ನುವ ಅರ್ಥದ ಮಾತು ಹೇಳಿದ. ಸ್ವಂತ ಬ್ಯಾಂಡಿನ ಜೊತೆ 'ಐ ಡೋಂಟ್ ನೋ', 'ಮಿಸ್ಟರ್ ಕ್ರೌಲಿ', 'ಸೂಸೈಡ್ ಸೊಲ್ಯೂಷನ್'. ಆಮೇಲೆ 'ಮಾಮಾ, ಐಯಾಮ್ ಕಮಿಂಗ್ ಹೋಮ್'. ಮೋಟರ್‌ಹೆಡ್‌ನ ಲೆಮ್ಮಿ ಸಾಹಿತ್ಯಕ್ಕೆ ಕೈ ಹಾಕಿದ ಹಾಡು. ಓಜಿಯ ಧ್ವನಿ ನಡುಗಿತು, ಒಡೆಯಿತು. ಆ ಬೀದಿಯಲ್ಲಿ ಕಾರು ಕಾಯುತ್ತಿದ್ದ ಹುಡುಗ ತನ್ನ ಮನೆಯಿಂದ ಕೂಗಳತೆಯಲ್ಲಿ ಕೂತು ಆ ಹಾಡು ಹಾಡುತ್ತಿದ್ದಾನೆ. ಒಡೆದ ಕಡೆಗಳಲ್ಲಿ ಜನ ಎತ್ತಿಕೊಂಡು ಹಾಡಿದರು. ಸುತ್ತ ದಾಡಿಯವರೆಲ್ಲ ಅಳುತ್ತಿದ್ದರು.

ಕೊನೆಗೆ ನಾಲ್ವರು. ಸೈರನ್ ಕೂಗಿತು, 'ವಾರ್ ಪಿಗ್ಸ್'. ಮೊದಲ ಮಾತುಗಳನ್ನು ಓಜಿಗಿಂತ ಜೋರಾಗಿ ಮೈದಾನ ಹಾಡಿತು. ಅದರ ಸಾಹಿತ್ಯ ಗೀಜರ್‌ನದು. ಯುದ್ಧ ಮಾಡಿಸುವ ದೊಡ್ಡವರು, ಸಾಯುವ ಬಡವರು. 1970ರಲ್ಲಿ ವಿಯಟ್ನಾಂ ಕಾಲದಲ್ಲಿ ಬಂದ ಹಾಡು 2025ರಲ್ಲೂ ಹಳತಾಗಿಲ್ಲ. 'ಎನ್.ಐ.ಬಿ.'ಗೆ ಮೊದಲು ಗೀಜರ್‌ನ ಬೇಸ್ ಒಂದೇ ಗುನುಗಿತು. ವಾರ್ಡ್‌ಗೆ 77 ವರ್ಷ. ಶರ್ಟು ಕಳಚಿ ಕೂತಿದ್ದ. ವೇಗ ಕಡಿಮೆ ಆಗಿದೆ, ಒಂದೆರಡು ಕಡೆ ತಡವರಿಕೆಯೂ ಆಯಿತು. ಆದರೆ 'ಐರನ್ ಮ್ಯಾನ್'ನಲ್ಲಿ ಆ ತೂಗಾಟ ಬಂತು, 2017ರಲ್ಲಿ ಇಲ್ಲದ್ದು. ಅಯೋಮಿ ಮಾತ್ರ ಕಲ್ಲಿನಂತೆ ನಿಂತು ಒಂದೊಂದು ಸ್ವರವನ್ನೂ ಜಾಗದಲ್ಲಿ ಇಟ್ಟ. ಪರದೆಯ ಮೇಲೆ ಆ ಬಲಗೈ ದೊಡ್ಡದಾಗಿ ಕಂಡಿತು. ಬೆರಳ ತುದಿಯ ಟೊಪ್ಪಿಗೆಗಳೂ ಕಂಡವು. ನಾನು ಹಾಡುವುದು ಬಿಟ್ಟು ಅದನ್ನೇ ನೋಡುತ್ತಾ ನಿಂತೆ.

ಕೊನೆಯದು 'ಪ್ಯಾರನಾಯ್ಡ್'. ಆಲ್ಬಮ್ಮಿಗೆ ಹಾಡು ಕಡಿಮೆ ಬಿತ್ತು ಅಂತ ಸ್ಟುಡಿಯೋದಲ್ಲಿ ಕೆಲವೇ ನಿಮಿಷಗಳಲ್ಲಿ ಕಟ್ಟಿದ ಹಾಡು. ಅದು ಮುಗಿದ ಮೇಲೆ ಗೀಜರ್ ಓಜಿಗೆ ಕೇಕು ತಂದುಕೊಟ್ಟ. ಪಟಾಕಿ ಹೊಡೆದರು. ಶೋದ ಲಾಭ ಪಾರ್ಕಿನ್ಸನ್ಸ್ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಗುಣವಾಗದ ಕಾಯಿಲೆಯ ಮಕ್ಕಳ ಆರೈಕೆ ಕೇಂದ್ರಕ್ಕೆ ಅಂತ ಮೊದಲೇ ಹೇಳಿದ್ದರು.

ಇದನ್ನು ಬರೆಯುವ ಹೊತ್ತಿಗೆ ಓಜಿ ಇಲ್ಲ. ಜುಲೈ 22ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡ. 30ರಂದು ಅವನ ಶವಯಾತ್ರೆ ಬ್ರಾಡ್ ಸ್ಟ್ರೀಟಿನಲ್ಲಿ ಸಾಗಿ ಅದೇ ಸೇತುವೆಯ ಹತ್ತಿರ ನಿಂತಿತು. ಪುಟ್ಟಿ ಜನರ ನಡುವೆ ನಿಂತು ನನಗೆ ವಿಡಿಯೋ ಕಾಲ್ ಮಾಡಿದ್ದಳು. ಊರಿನ ಹಿತ್ತಾಳೆ ವಾದ್ಯದವರು ಸಬ್ಬತ್ ಹಾಡು ಊದುತ್ತಾ ಮುಂದೆ ನಡೆದರು. ಓಜಿ, ಓಜಿ ಅಂತ ಜನ ಕೂಗುತ್ತಲೇ ಇದ್ದರು. ಜುಲೈ 5ರ ರಾತ್ರಿ ಆಸ್ಟನ್ ನಿಲ್ದಾಣದ ಕ್ಯೂನಲ್ಲಿ ಇದ್ಯಾವುದೂ ನಮ್ಮ ತಲೆಯಲ್ಲಿ ಇರಲಿಲ್ಲ. ಗಂಟಲು ಬಿದ್ದುಹೋಗಿತ್ತು, ಕಾಲು ನೋಯುತ್ತಿತ್ತು, ಎಲ್ಲರೂ ಇನ್ನೂ ಹಾಡುತ್ತಿದ್ದರು.

ಜುಲೈ 6, ಭಾನುವಾರ

ತಡವಾಗಿ ಎದ್ದು ಬರ್ಮಿಂಗ್‌ಹ್ಯಾಮ್ ಮ್ಯೂಸಿಯಂ ಆಂಡ್ ಆರ್ಟ್ ಗ್ಯಾಲರಿಗೆ ಹೋದೆವು. 'ವರ್ಕಿಂಗ್ ಕ್ಲಾಸ್ ಹೀರೊ' ಅಂತ ಓಜಿಯ ಮೇಲೆ ಪ್ರದರ್ಶನ. ಜೂನ್ ಕೊನೆಯಲ್ಲಿ ತೆರೆದದ್ದು, ಪ್ರವೇಶ ಉಚಿತ. ಗ್ರ್ಯಾಮಿಗಳು, ಚಿನ್ನದ, ಪ್ಲಾಟಿನಂ ಡಿಸ್ಕುಗಳು, ಫೋಟೊಗಳು. ನಿನ್ನೆಯ ಟೀ ಶರ್ಟಿನಲ್ಲೇ ಬಂದವರು ತುಂಬಾ ಜನ. ಯಾರೋ ಒಬ್ಬ ಅಪ್ಪ ಸಣ್ಣ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದೊಂದು ಡಿಸ್ಕಿನ ಮುಂದೆಯೂ ಅದು ಯಾವ ಆಲ್ಬಮ್ ಅಂತ ಹೇಳುತ್ತಿದ್ದ.

ಏರ್‌ಪೋರ್ಟಿನ ರೈಲಿನಲ್ಲಿ ನಾನು ನನ್ನ ಲೆಕ್ಕ ಮುಂದಿಟ್ಟೆ. ನಿನ್ನೆ ಸಬ್ಬತ್ ನುಡಿಸಿದ ನಾಲ್ಕೂ ಹಾಡುಗಳು ಮೊದಲ ಎರಡು ಆಲ್ಬಮ್‌ಗಳವು. ಆದರೆ ಅವರನ್ನು ನೋಡಿ ಕಲಿತವರು ಬಂದಾಗ 'ಮಾಸ್ಟರ್ ಆಫ್ ರಿಯಾಲಿಟಿ'ಯಿಂದಲೇ ಮತ್ತೆ ಮತ್ತೆ ಎತ್ತಿಕೊಂಡರು. ಆಂಥ್ರಾಕ್ಸ್, ಲ್ಯಾಂಬ್ ಆಫ್ ಗಾಡ್, ಆಮೇಲೆ ನಡುವೆ ಬೇರೆ ಬೇರೆ ಬ್ಯಾಂಡಿನವರು ಸೇರಿ ಮಾಡಿಕೊಂಡ ಕೂಡುಬ್ಯಾಂಡಿನವರ 'ಸ್ವೀಟ್ ಲೀಫ್'. ಯಾವ ಆಲ್ಬಮ್ ಯಾರಿಗೆ ಪಾಠ ಆಯಿತು ಅಂತ ಇದರಲ್ಲೇ ಗೊತ್ತಾಗುತ್ತದೆ.

"ನಿನ್ನೆ ಓಜಿಯ ದಿನ ಮಾಮ, ಡಿಯೋ ಹಾಡು ಯಾರು ನುಡಿಸ್ತಾರೆ?" ಅಂದಳು. "ಆದರೆ ನೀನು 2007ರಲ್ಲಿ ಅತ್ತಿದ್ದು ಯಾರನ್ನು ಕೇಳಿ? ಐರನ್ ಮೇಡನ್. ಅವರ ದೊಡ್ಡ ಆಲ್ಬಮ್‌ಗಳ ಪ್ರೊಡ್ಯೂಸರ್ ಯಾರು? ಮಾರ್ಟಿನ್ ಬರ್ಚ್. ಬರ್ಚ್ ಅದಕ್ಕೂ ಮುಂಚೆ ಮಾಡಿದ್ದು 'ಹೆವನ್ ಆಂಡ್ ಹೆಲ್'. ಆ ಧ್ವನಿ ಅಲ್ಲಿ ಸಿದ್ಧವಾಯಿತು. ನಿನ್ನ ಅರಮನೆ ಮೈದಾನಕ್ಕೆ ದಾರಿ ನನ್ನ ಆಲ್ಬಮ್ಮಿನಿಂದಲೇ."

ಗಟ್ಟಿ ಮಾತು. ಬರ್ಚ್ ಡೀಪ್ ಪರ್ಪಲ್‌ಗೂ ರೇನ್‌ಬೋಗೂ ಕೆಲಸ ಮಾಡಿದ್ದವನು, ಆ ಧ್ವನಿಯ ದಾರಿ ಅಲ್ಲಿಂದಲೂ ಬರುತ್ತದೆ ಅಂದೆ. ಅವಳು ಒಪ್ಪಲಿಲ್ಲ. ಅವಳ ಇಯರ್‌ಫೋನಿನಲ್ಲಿ 'ಡೈ ಯಂಗ್' ಹಾಕಿ ನನ್ನ ಕಿವಿಗೆ ಸಿಕ್ಕಿಸಿದಳು. ಡಿಯೋ ಹಾಡುವುದನ್ನು ಅಲ್ಲಗಳೆಯಲು ಯಾರಿಂದಲೂ ಆಗುವುದಿಲ್ಲ. ನಾನು 'ಇನ್‌ಟು ದ ವಾಯ್ಡ್' ಹಾಕಿದೆ. ಚೆಕ್ ಇನ್ ಕ್ಯೂನಲ್ಲೂ ಇದೇ ನಡೆಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು: 1976ರ 'ಟೆಕ್ನಿಕಲ್ ಎಕ್ಸ್‌ಟಸಿ' ಆಲ್ಬಮ್ಮನ್ನು ಜನ ಸುಮ್ನೆ ಬೈಯುತ್ತಾರೆ, 1978ರ 'ನೆವರ್ ಸೇ ಡೈ' ಅದಕ್ಕಿಂತ ಎಷ್ಟೋ ಸೊರಗಿದ್ದು. "ಹೆಸರಿನ ಹಾಡೊಂದು ಬಿಟ್ಟು" ಅಂದಳು. ಹೌದು, ಹೆಸರಿನ ಹಾಡೊಂದು ಬಿಟ್ಟು.